ಎಣಿಸಿ ಹೇಳದ ಕುರಿಗಳು

“ತಮ್ಮ ಸತ್ತ ಮ್ಯಾಲೆ ಮುದುಕನ ತಲಿ ಹೋತು. ತನ್ನ ಕುರಿ ಎಷ್ಟದಾವ ಅನ್ನೂದೂ ಈಗ ಗೊತ್ತಿಲ್ಲ.”

ಮರಾಠಿ ಸೀಮೆಯ ಅಂಚಿನ ನಮ್ಮೂರು ಯಳವಿಯಲ್ಲಿ ನನ್ನ ಕಾಯಿಲೆಯ ಕಥೆ ಇಷ್ಟರಲ್ಲಿ ಮುಗಿಯುತ್ತದೆ. ಅರ್ಧ ನಿಜ, ಅರ್ಧ ಶುದ್ಧ ಸುಳ್ಳು. ಆ ತಲೆ ನನ್ನದಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮೊದಲ ಲಕ್ಷಣ ಮರೆವಲ್ಲ. ಒಂದು ಮಧ್ಯಾಹ್ನ ಕುರಿಗಳು ಪಕ್ಕದವರ ಜೋಳಕ್ಕೆ ನುಗ್ಗಿದವು. ಕಂಡೆ. ಕೈಯಲ್ಲಿ ಕೋಲಿತ್ತು. ಕೂಗಬೇಕೆನಿಸಲಿಲ್ಲ. ಬಾಲ್ಯದಿಂದ ನನ್ನೊಡನೆ ಕುರಿ ಕಾಯ್ದ ತಮ್ಮ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಆಮೇಲೆ ಊಟ ರುಚಿಸಲಿಲ್ಲ. ಯಾರಾದರೂ ಮಾತನಾಡಿಸಿದರೆ ಉತ್ತರ ಬಾಯಿಯವರೆಗೆ ಬಂದು ಮರಳಿ ಹೋಗುತ್ತಿತ್ತು.

ಮಗ ಬೀರಪ್ಪ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರು ಮರಾಠಿಯಲ್ಲಿ ಮೆಮರಿ ಟೆಸ್ಟ್ ಮಾಡಿದರು. ವಾರ, ಊರು ಕೇಳಿದಾಗ ಬೇಸರದಿಂದ ತಡಮಾಡಿ ಉತ್ತರಿಸಿದೆ. ಕೊನೆಗೆ “ಆಜೋಬಾ, ಮೆಂಢ್ಯಾ ಕಿತಿ?” ಎಂದು ಕುರಿಗಳ ಲೆಕ್ಕ ಕೇಳಿದರು. ಸುಮ್ಮನಿದ್ದೆ. ಎರಡನೆಯ ಸಲ ಕೇಳಿದಾಗಲೂ ಸುಮ್ಮನಿದ್ದೆ.

ಡಿಮೆನ್ಶಿಯಾ, ಮರೆವಿನ ರೋಗ, ಎಂದು ಬರೆದರು.

ಮರುದಿನದಿಂದ ಬೀರಪ್ಪ ನನ್ನನ್ನು ಅಂಗಳ ದಾಟಲು ಬಿಡಲಿಲ್ಲ. ಹಿಂಡನ್ನು ಬೇರೆಯವರ ಕೈಗೆ ಒಪ್ಪಿಸುವ ಮಾತು ನಡೆಯಿತು. ಅಷ್ಟಾದ ಮೇಲೆ ನಾನು ಹಟ ಹಿಡಿದೆ: ಕನ್ನಡ ಬಲ್ಲವರು ಇನ್ನೊಮ್ಮೆ ಪರೀಕ್ಷಿಸಲಿ. ವಿಜಯಪುರದ ಮನಶ್ಶಾಸ್ತ್ರಜ್ಞೆಯೊಬ್ಬರಲ್ಲಿಗೆ ಹೋದೆವು. ಅವರೂ ಕುರಿ ಎಷ್ಟೆಂದೇ ಕೇಳಿದರು.

“ನೋಡ್ರಿ ಮೇಡಂ, ಇಷ್ಟೂ ನೆನಪಿಲ್ಲ,” ಎಂದ ಬೀರಪ್ಪ.

“ನೆನಪೈತಿ. ಹಿಂಡಿನ ಲೆಕ್ಕ ಬಾಯಿಲೆ ಹೇಳಂಗಿಲ್ಲ ನಮ್ಮ ಮಂದ್ಯಾಗ,” ಎಂದೆ. “ಹೇಳಿದ್ರ ಕಡಿಮಿ ಆಗ್ತಾವ.”

“ಡಾಕ್ಟರ್ ಕೇಳಿದ್ರ ಹೇಳಬೇಕಲ್ಲಪ್ಪಾ!”

“ನೀನ ಹೇಳಬೇಕಿತ್ತಲ್ಲೋ. ನಿನಗರ ಎಲ್ಲಿ ಗೊತ್ತೈತಿ?”

ಮೇಡಂ ನಕ್ಕರು. “ಹಂಗಾರ ಒಂದು ತಪ್ಪಿಸ್ಕೊಂಡ್ರ ಹೆಂಗ ಗೊತ್ತಾಗ್ತೈತ್ರಿ ಅಜ್ಜಾರ?”

“ಉಣ್ಣಾಕ ಕುಂತಾಗ ಮಕ್ಕಳನ್ನ ಎಣಸ್ತೀರೇನ್ರಿ? ಮಾರಿ ನೋಡ್ತೀರಿ.”

“ಹಂಗಾರ ಮಾರಿ ಹೇಳ್ರಿ.”

ಮುಖಗಳನ್ನು ಹೇಳಿದೆ. ಬಿಳಿ ಹಣೆಯದು, ಅದರ ತಾಯಿ, ಹರಿದ ಕಿವಿಯದು, ಅದರ ಎರಡು ಮರಿ. ಬೀರಪ್ಪ ಬಾಯಿ ತೆರೆದು ಕೇಳುತ್ತಿದ್ದ. ಒಂದೊಂದನ್ನೇ ಹೇಳುತ್ತ ಕರಿ ಮೋರೆಯ ಟಗರಿಗೆ ಬಂದೆ. ತಾಯಿ ಸತ್ತ ಆ ಮರಿಯನ್ನು ತಮ್ಮ ತನ್ನ ಬೆರಳಿನಿಂದ ಹಾಲು ಚೀಪಿಸಿ ಬದುಕಿಸಿದ್ದ.

ಅಲ್ಲಿಂದ ಮುಂದಿನ ಕುರಿಗೆ ಹೋಗಲಾಗಲಿಲ್ಲ.

“ನೀವು ಮರ್ತಿಲ್ರಿ,” ಎಂದರು ಮೇಡಂ, ಬಹಳ ಹೊತ್ತಿನ ಮೇಲೆ. “ಅತ್ತಿಲ್ಲ.”

ಇದು ಡಿಪ್ರೆಶನ್, ಮನಸ್ಸು ಕುಗ್ಗಿದಾಗ ಯೋಚನೆಯೂ ನಿಧಾನವಾಗಿ ಮರೆವಿನಂತೆ ಕಾಣುತ್ತದೆ ಎಂದು ವಿವರಿಸಿದರು. ಪಕ್ಕದ ಕೋಣೆಯ ವೈದ್ಯರು ಗುಳಿಗೆ ಬರೆದರು. ದುಃಖಕ್ಕೆ ಗುಳಿಗೆ ಯಾಕೆಂದು ನಾನು ವಾದಿಸಿದೆ. ಸಾಲೆ ನಾಲ್ಕನೆಯ ಇಯತ್ತೆಗೇ ನಿಂತು ಉಳಿದುದನ್ನು ಸ್ವಂತ ಓದಿದವನು ನಾನು. ಯಾರ ಮಾತನ್ನೂ ಹಾಗೆಯೇ ನುಂಗಿದವನಲ್ಲ.

“ಒಬ್ಬಂಟಿಯಾಗಿ ದುಃಖ ಹೊರೂದು ಮನುಷ್ಯಾನ ಸ್ವಭಾವ ಅಲ್ರಿ,” ಎಂದರು ಮೇಡಂ. ಇದನ್ನೂ ನಾನು ಪೂರ್ತಿ ಒಪ್ಪಿಲ್ಲ. ಮನುಷ್ಯ ಒಬ್ಬನೇ ಹೊರಬಲ್ಲ. ಆದರೆ ಹೊತ್ತಿರುವುದು ಏನೆಂದು ಯಾರಾದರೂ ಕೇಳಬೇಕು. ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಮೊದಲ ಡಾಕ್ಟರು ಕಾಯಲಿಲ್ಲ. ನನ್ನ ಮಗನೂ ಕಾಯಲಿಲ್ಲ.

ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ರೊಟ್ಟಿ ರುಚಿಸತೊಡಗಿದೆ, ದಿನಾಲೂ ಅಲ್ಲ.

ಇನ್ನೂ ಅನುಮಾನವಿದ್ದವರು ಬಂದು ಮೇಡಂ ಸಹಿ ಮಾಡಿದ ರಿಪೋರ್ಟ್ ಓದಬಹುದು: ಸ್ಮರಣಶಕ್ತಿ ಸರಿಯಾಗಿದೆ, ಕುರಿ ಕಾಯಲು ಅಡ್ಡಿಯಿಲ್ಲ. ಸೊಸೆ ತೆಗೆದು ತೋರಿಸುತ್ತಾಳೆ. ಹಗಲು ನಾನು ಮನೆಯಲ್ಲಿ ಸಿಗುವುದಿಲ್ಲ.