ಅರಮನೆಗೆ ದೀಪ ಹಚ್ಚುವವನು

ಕೆಲಸಗಾರರಿಗೆಲ್ಲ ಅವರವರ ಕೆಲಸದ ಮಹತ್ವ ತಿಳಿಸಿ ಹುರಿದುಂಬಿಸಬೇಕು ಅಂತ, ಬ್ಲಫ್ ಎಂಬ ಪವರ್ ಹೌಸಿನ ಊರಿನಲ್ಲಿ, ನಮ್ಮ ಸಾಹೇಬರು ನನಗೆ ಅಪ್ಪಣೆ ಮಾಡಿದರು. ನಾನು ಮೊದಲು ಹಿಡಿದದ್ದು ಬೆಳಕವಾಡಿಯ ಕೆಂಪಯ್ಯನನ್ನು. ಪವರ್ ಹೌಸಿಗೆ ನೀರು ಹೋಗುವ ನಾಲೆಯಲ್ಲಿ ಒಂದು ಕಬ್ಬಿಣದ ಜಾಲರಿ. ಅದಕ್ಕೆ ಸಿಕ್ಕಿಕೊಳ್ಳುವ ಸೊಪ್ಪುಸದೆಯನ್ನು ಉದ್ದನೆಯ ಕೊಕ್ಕೆಯಿಂದ ದಿನವಿಡೀ ಎಳೆದು ಹಾಕುವುದು ಅವನ ಕೆಲಸ.

"ಕಸ ಎತ್ತೋದ್ರಲ್ಲಿ ಏನೈತೆ ಸ್ವಾಮಿ?" ಅಂದ.

"ನೀನು ಎತ್ತದಿದ್ರೆ ನೀರು ನಿಲ್ಲುತ್ತೆ, ಚಕ್ರ ನಿಲ್ಲುತ್ತೆ, ಮೈಸೂರು ಅರಮನೆ ದೀಪವೇ ಆರಿಹೋಗುತ್ತೆ ಕಣಯ್ಯ!" ಅಂದೆ.

ಅವನು ಕೊಕ್ಕೆ ಕೆಳಗಿಟ್ಟು, ತಲೆಯ ವಸ್ತ್ರ ಬಿಚ್ಚಿ, ಮತ್ತೆ ನೆಟ್ಟಗೆ ಸುತ್ತಿಕೊಂಡ. ನನಗೂ ಹೆಮ್ಮೆಯಾಯಿತು.

ಅದು ಯುದ್ಧದ ಕಾಲ. ಬೆಳಕವಾಡಿಯ ಅವನ ಮನೆಗೆ ಕರೆಂಟು ಬಂದಿರಲಿಲ್ಲ, ಸೀಮೆಎಣ್ಣೆಗೆ ಸಾಲಿನಲ್ಲಿ ನಿಲ್ಲಬೇಕಿತ್ತು. ನಾಲ್ಕೇ ದಿನಕ್ಕೆ ಅವನ ಹೆಂಡತಿ ಖಾಲಿ ಡಬ್ಬ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಅದೇನ್ ಯೋಳ್ಕೊಟ್ರಿ ಸ್ವಾಮಿ ನಮ್ಮೋರಿಗೆ? ಎಣ್ಣೆ ಸಾಲಲ್ಲಿ ನಿಂತ್ಕೊಳಾಕಿಲ್ಲ ಅಂತಾರೆ. ಮೂರು ದಿನದಿಂದ ಕತ್ಲಲ್ಲೇ ಉಣ್ತಾ ಇದೀವಿ!"

ಕೆಂಪಯ್ಯನನ್ನು ಕರೆಸಿ ಕೇಳಿದೆ. "ನೀವೇ ಯೋಳಿ ಸ್ವಾಮಿ, ಅರಮನೆಗೆ ದೀಪ ಅಚ್ಚೋನು ಡಬ್ಬ ಇಡ್ಕೊಂಡು ಸಾಲಲ್ಲಿ ನಿಂತ್ರೆ ಮಾರಾಜ್ರ ಮರ್ಯಾದೆ ಏನಾಯ್ತದೆ?" ಅಂದ.

ಡಬ್ಬ ಇಸಿದುಕೊಂಡು ನಾನೇ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಕೆಲಸದ ಮಹತ್ವವನ್ನು ಸಾಹೇಬರು ನನಗಿನ್ನೂ ತಿಳಿಸಿರಲಿಲ್ಲ, ಹಾಗಾಗಿ ಮರ್ಯಾದೆಯ ತೊಂದರೆಯೇನೂ ಬರಲಿಲ್ಲ.