ಸೋಪಿಗೆ ಬಡಿಸಿದ ತಮಟೆ

ಮೊನ್ನೆ ಮೊಮ್ಮಗಳು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಒಂದು ಸೋಪು ತಂದಳು. ಅವಳು ಸ್ನಾನಕ್ಕೆ ಹೋದ ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ನಡುಮನೆಗೆ ಕೇದಗೆಯ ವಾಸನೆ ಬಂತು. ಓದುತ್ತಿದ್ದ ಪೇಪರು ಮಡಿಸಿಟ್ಟುಬಿಟ್ಟೆ. ಆ ವಾಸನೆ ಮೂಗಿಗೆ ಬಿದ್ದು ನಲವತ್ತು ವರ್ಷವಾಗಿತ್ತು... ಕಣ್ಣ ಮುಂದೆ ಬಂದು ನಿಂತದ್ದು ಮಾತ್ರ ಸೋಪಲ್ಲ, ನಮ್ಮೂರ ತಮಟೆಯಾತ.

ಆಗ ಮಳವಳ್ಳಿಯ ಪೇಟೆ ಬೀದಿಯಲ್ಲಿ ನನ್ನದೊಂದು ಅಂಗಡಿ. ಯುದ್ಧದ ಕಾಲ, ಸೀಮೆಎಣ್ಣೆಗೂ ಸಕ್ಕರೆಗೂ ಚೀಟಿ ಹಿಡಿದು ನಿಲ್ಲಬೇಕಿತ್ತು. ಅಂಥಾದ್ದರಲ್ಲಿ ಮೈಸೂರಿನ ಏಜೆಂಟನೊಬ್ಬನ ಮಾತಿಗೆ ಮರುಳಾಗಿ ಕೇದಗೆ ವಾಸನೆಯ ಹೊಸ ಸೋಪೊಂದನ್ನು ಪೆಟ್ಟಿಗೆಗಟ್ಟಲೆ ಇಳಿಸಿಕೊಂಡೆ. ಸೀಗೆಕಾಯಿ, ಕಡಲೆಹಿಟ್ಟಿನಲ್ಲಿ ಮೈ ತೊಳೆಯುತ್ತಿದ್ದ ಜನ, ಯಾರು ಕೊಳ್ಳುತ್ತಾರೆ? ಹೊಟ್ಟೆಗಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ ಅಂತ ನಕ್ಕು ಮುಂದಕ್ಕೆ ಹೋಗುತ್ತಿದ್ದರು. ಏಜೆಂಟು ಒಂದು ಮಾತು ಹೇಳಿಹೋಗಿದ್ದ. ಜನ ಒಂದು ಸಲ ಬೆಚ್ಚಿಬಿದ್ದು ತಿರುಗಿ ನೋಡಬೇಕು, ಆಮೇಲೆ ಸಾಯೋತನಕ ಮರೆಯೋದಿಲ್ಲ ಅಂತ. ಆ ಮಾತು ಹುಳದ ಹಾಗೆ ತಲೆ ಹೊಕ್ಕಿತು.

ಊರಲ್ಲಿ ಜಾಹೀರಾತು ಅಂದರೆ ತಮಟೆಯಾತನೇ. ಕಂದಾಯ ಕಟ್ಟಿ ಅನ್ನುವುದರಿಂದ ಹಿಡಿದು ಕರು ತಪ್ಪಿಸಿಕೊಂಡಿದೆ ಅನ್ನುವವರೆಗೂ ಆತನೇ ಸಾರುತ್ತಿದ್ದ. ಒಂದೊಂದಕ್ಕೂ ಒಂದೊಂದು ಬಡಿತ. ಒಲೆ ಮುಂದೆ ಕೂತ ಹೆಂಗಸರಿಗೂ ಬಡಿತ ಕೇಳಿದರೆ ಸಾಕು, ಎದ್ದು ಬರಬೇಕೋ ಬೇಡವೋ ಗೊತ್ತಾಗುತ್ತಿತ್ತು. ಸಂತೆ ಬಡಿತಕ್ಕೆ ಯಾರೂ ತಲೆ ಎತ್ತುತ್ತಿರಲಿಲ್ಲ. ಸಾವಿನ ಬಡಿತಕ್ಕೆ ಮಾತ್ರ ಕೈಲಿದ್ದದ್ದು ಬಿಟ್ಟು ಬೀದಿಗೆ ಬರುತ್ತಿದ್ದರು.

ಎರಡು ದಿನ ಸೋಪಿಗೆ ಸಂತೆ ಬಡಿತವನ್ನೇ ಬಡಿದ. ಒಂದು ನರಪಿಳ್ಳೆಯೂ ಬರಲಿಲ್ಲ. ಮೂರನೆಯ ದಿನ, ಸಾವಿನದು ಬಡಿ ಅಂದೆ. ಆತ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಾನು ಏಕವಚನದಲ್ಲೇ ಕರೆಯುತ್ತಿದ್ದೆ, ಆತ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆಗಿನ ರೀತಿಯೇ ಹಾಗಿತ್ತು ಅಂತ ಹೇಳಿಕೊಳ್ಳಬಹುದು, ನಾಚಿಕೆಯೇನೂ ಹೋಗುವುದಿಲ್ಲ.

"ಬ್ಯಾಡಿ ಬುದ್ಧಿ," ಅಂದ. "ಆ ಬಡ್ತ ಸುಮ್ಸುಮ್ನೆ ಬಡೀಬಾರ್ದು. ಕೇಳ್ದೋರು ಅವರವ್ರ ಮನೆಯೋರ್ನೇ ನೆನಸ್ಕತಾರೆ."

"ಜನ ಬರ್ಲಿ ಬಡಿಯಯ್ಯ, ಆಮೇಲೆ ಅವ್ರೇ ನಗ್ತಾರೆ. ನಿಂಗಾಗಲ್ಲ ಅಂದ್ರೆ ಬುಡು, ಇನ್ನೊಬ್ಬನ್ನ ಕರೆಸ್ತೀನಿ."

ಆತ ಹುಲ್ಲು ಹೊತ್ತಿಸಿ ತಮಟೆ ಕಾಯಿಸಿಕೊಂಡ. ಎಂದಿಗಿಂತ ಜಾಸ್ತಿ ಹೊತ್ತು ಕಾಯಿಸಿದ.

ಬಡಿತ ಶುರುವಾಯಿತು, ಬೀದಿ ತುಂಬಿತು. ಕೈಗೆ ಮುದ್ದೆಹಿಟ್ಟು ಮೆತ್ತಿಕೊಂಡೇ ಬಂದವರಿದ್ದರು. ನಾನು ಸೋಪು ಹಿಡಿದು, ಹಲ್ಲು ಕಿರಿಯುತ್ತಾ ನಿಂತಿದ್ದೆ. ಅಷ್ಟರಲ್ಲಿ ಹಿಂದಿನ ಬೀದಿಯ ಮುದುಕಿ ಎದೆ ಬಡಿದುಕೊಳ್ಳುತ್ತಾ ಓಡಿಬಂದಳು. ಅವಳ ಒಬ್ಬನೇ ಮಗ ಸೈನ್ಯಕ್ಕೆ ಸೇರಿ ಹೋಗಿದ್ದ, ಆರು ತಿಂಗಳಿಂದ ಕಾಗದವಿರಲಿಲ್ಲ. ಅದು ನನಗೂ ಗೊತ್ತಿತ್ತು. ಸುಳ್ಳು ಯಾಕೆ ಹೇಳಲಿ, ಗೊತ್ತಿದ್ದೂ ನೆನಪಾಗಲಿಲ್ಲ. ಮುಟ್ಟಬಾರದವನು ಅಂತ ಯಾವಾಗಲೂ ದೂರವಿಟ್ಟಿದ್ದ ತಮಟೆಯಾತನ ಕೈಯನ್ನೇ ಮುದುಕಿ ಹಿಡಿದುಕೊಂಡು, "ನನ್ ಮಗಂಗೇನಾಯ್ತಪ್ಪ?" ಅಂತ ಅಲ್ಲೇ ಕುಸಿದಳು.

"ಯಾರ್ಗೂ ಏನೂ ಆಗಿಲ್ಲ ಕಣವ್ವ," ಅಂದ ಆತ.

"ಮತ್ಯಾಕ್ಲಾ ಬಡ್ದೆ?" ಅಂತ ಗುಂಪಿನಲ್ಲಿ ಯಾರೋ ಗದರಿದರು.

ಆತ ನನ್ನ ಕಡೆ ನೋಡಿದ. ನಾನು ಕೈಯಲ್ಲಿದ್ದ ಸೋಪು ನೋಡುತ್ತಾ ನಿಂತೆ.

"ಕೈ ತಪ್ತು," ಅಂದ. "ಸಂತೇದು ಬಡೀಬೇಕಿತ್ತು."

ಮಾಡಿದ್ದುಣ್ಣೋ ಮಹರಾಯ ಅಂತಾರೆ. ಮಾಡಿದವನು ನಾನು, ಉಂಡವನು ಆತ. ಸಾವಿನ ಬಡಿತ ತಪ್ಪುವವನ ಕೈಗೆ ತಮಟೆ ಕೊಡಬಾರದು ಅಂತ ಊರಿನ ಯಜಮಾನರು ಪಕ್ಕದ ಹಳ್ಳಿಯಿಂದ ಬೇರೆಯವನನ್ನು ಗೊತ್ತುಮಾಡಿದರು. ನಮ್ಮ ತಮಟೆಯಾತ ಮಂಡ್ಯದ ಕಡೆ ಕಬ್ಬು ಕಡಿಯುವುದಕ್ಕೆ ಹೋಗತೊಡಗಿದ. ಯುದ್ಧ ಮುಗಿದ ಮೇಲೆ ಮುದುಕಿಯ ಮಗ ಏನೂ ಆಗದೆ ಮನೆಗೆ ಬಂದ. ಆದರೂ ದಾರಿಯಲ್ಲಿ ತಮಟೆಯಾತ ಸಿಕ್ಕರೆ ಅವಳು ಮುಖ ತಿರುಗಿಸುತ್ತಿದ್ದಳು. ಉಪ್ಪು, ಮೆಣಸಿನಕಾಯಿಗೆ ನನ್ನ ಅಂಗಡಿಗೇ ಬರುತ್ತಿದ್ದಳು.

ಏಜೆಂಟು ಹೇಳಿದ್ದು ಸುಳ್ಳಾಗಲಿಲ್ಲ, ಆ ಸೋಪನ್ನು ಊರು ಮರೆಯಲಿಲ್ಲ. ಸಾವಿನ ಸೋಪು ಅಂತ ಹೆಸರಿಟ್ಟಿತು, ಅಷ್ಟೆ. ಬದುಕಿದ್ದವರು ಯಾರೂ ಮೈಗೆ ಹಚ್ಚಲಿಲ್ಲ. ಯಾರಾದರೂ ಸತ್ತರೆ, ಹೆಣ ತೊಳೆಯುವುದಕ್ಕೆ ಒಂದು ತೆಗೆದುಕೊಂಡು ಹೋಗುತ್ತಿದ್ದರು. ಹಾಗೆ ಒಂದೊಂದಾಗಿ ಪೆಟ್ಟಿಗೆಗಳು ಖಾಲಿಯಾದವು.

ಸ್ವಾತಂತ್ರ್ಯ ಬಂದ ವರ್ಷ, ಒಂದು ಬೆಳಿಗ್ಗೆ, ತಮಟೆಯಾತನ ಹೆಂಡತಿ ಬಂದು ಮೆಟ್ಟಿಲ ಕೆಳಗೆ ನಿಂತಳು. ಆ ಸೋಪು ಒಂದು ಕೊಡಿ ಬುದ್ಧಿ ಅಂದಳು. ಯಾರಿಗೆ ಅಂತ ಕೇಳುವ ಹಾಗಿರಲಿಲ್ಲ. ಕೊಟ್ಟೆ. ಸೆರಗಿಗೆ ಕಟ್ಟಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಅವ್ರ ಕೈ ಯಾವತ್ತೂ ತಪ್ತಿರ್ಲಿಲ್ಲ ಬುದ್ಧಿ," ಅಂದಳು. ದನಿ ಏರಿಸಲೂ ಇಲ್ಲ.

ಮಧ್ಯಾಹ್ನ ಸಾವಿನ ಬಡಿತ ಕೇಳಿತು, ಆ ಪಕ್ಕದ ಹಳ್ಳಿಯವನದು. ಹೋದವನು ಯಾರು ಅಂತ ಆಗಲೇ ಗೊತ್ತಾಗಿತ್ತು, ಪೇಟೆ ಬೀದಿಯಲ್ಲಿ ಯಾರೂ ಹೊರಗೆ ಬರಲಿಲ್ಲ. ನಾನು ಮೆಟ್ಟಿಲವರೆಗೆ ಬಂದೆ, ಅಲ್ಲೇ ನಿಂತುಬಿಟ್ಟೆ...

ಮೊಮ್ಮಗಳು ಒದ್ದೆ ಕೂದಲು ಒರೆಸಿಕೊಳ್ಳುತ್ತಾ ಬಂದು, ವಾಸನೆ ಚೆನ್ನಾಗಿದೆ ಅಲ್ವಾ ತಾತ ಅಂದಳು. ಹೂಂ ಅಂದೆ. ಈಗಲೂ ಹಳಬರು ನಾಲ್ಕು ಜನ ಸೇರಿದರೆ ಆ ಕತೆ ಬಂದೇ ಬರುತ್ತದೆ. ಅವತ್ತು ತಮಟೆಯೋನ ಕೈ ತಪ್ಪಿತ್ತಲ್ಲ ಅಂತ ನಗುತ್ತಾರೆ. ನಾನೂ ಅವರ ಜೊತೆ ಕೂತಿರುತ್ತೇನೆ. ಆತನೂ ಇಲ್ಲ, ಆತನ ಹೆಂಡತಿಯೂ ಇಲ್ಲ. ಆ ಕೈ ತಪ್ಪಿರಲಿಲ್ಲ ಅನ್ನುವುದು ಗೊತ್ತಿರುವವನು ಊರಲ್ಲಿ ಈಗ ನಾನೊಬ್ಬನೇ. ಇವತ್ತು ಬರೆದಿಟ್ಟಿದ್ದೇನೆ. ಬಾಯಿಬಿಟ್ಟು ಹೇಳುವುದಕ್ಕೆ ಇನ್ನೂ ಆಗಿಲ್ಲ.