ಇನ್ನೊಂದು ಕೀಲಿಕೈ

ನಮ್ಮ ಗೈಡ್ ಮೇಡಂ ಅವರ ಬಲಗೈಯ ನಡುಬೆರಳಿನ ಗೆಣ್ಣು ಜಡ್ಡುಗಟ್ಟಿ ಕಪ್ಪಾಗಿತ್ತು. ಬಾಗಿಲು ತಟ್ಟಿ ತಟ್ಟಿ ಹಾಗಾದದ್ದು. ಕಾಲಿಂಗ್ ಬೆಲ್ ಕಣ್ಣೆದುರಿಗೇ ಇದ್ದರೂ ಒತ್ತುತ್ತಿರಲಿಲ್ಲ. “ಬೆಲ್ ಹೊಡದ್ರ ಕ್ಯಾಮೆರಾ ನೋಡ್ತದ. ಬಾಗಲಾ ಬಡದ್ರ ಮನಷ್ಯಾ ಬರ್ತಾನ” ಎನ್ನುವುದು ಅವರ ಧಾರವಾಡದ ವಾದ.

ನಾನಾಗ ಅಮೆರಿಕದ ಪಿಸ್ಕಾಟವೇಯಲ್ಲಿ ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆ. ರೈಲ್ವೆ ಸ್ಟೇಷನ್ ಸುತ್ತ ಬೆಳಗಾದರೆ ಹೊಸ ಟವರ್ ಏಳುತ್ತಿದ್ದ ಊರೊಂದರ ಅಧಿಕಾರಿಗಳು, ಅಲ್ಲಿಯ ಜನ ಕಷ್ಟಸುಖಕ್ಕೆ ಒಬ್ಬರಿಗೊಬ್ಬರು ಆಗುತ್ತಾರೆಯೇ ಎಂದು ಅಳೆದುಕೊಡುವ ಕೆಲಸವನ್ನು ನಮಗೆ ಒಪ್ಪಿಸಿದ್ದರು. ಅವರಿಗೆ ಬೇಕಾದದ್ದು ಜಿಮ್ಮು, ಬೆಂಚು, ತಾರಸಿ ತೋಟಗಳ ಲೆಕ್ಕ. ಮೇಡಂ ಮಾತ್ರ ಮನೆಮನೆಯಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಕನ್ನಡದವರು ಸಿಕ್ಕರೆ ಕನ್ನಡದಲ್ಲೇ: “ನಿಮ್ಮ ಮನಿ ಇನ್ನೊಂದು ಕೀಲಿಕೈ ಯಾರ ಕಡೆ ಇಟ್ಟೀರಿ?”

ಬೆಂಗಳೂರಿನ ಹುಡುಗನೊಬ್ಬ ನಕ್ಕುಬಿಟ್ಟ. “ಕೀನೇ ಇಲ್ಲ ಆಂಟಿ, ಸ್ಮಾರ್ಟ್ ಲಾಕ್. ಫೋನಲ್ಲೇ ಓಪನ್ ಆಗತ್ತೆ.”

“ನೀ ಒಳಗ ಬಿದ್ದರ ಯಾರ ತಗೀತಾರಪಾ?”

ಟವರಿನ ಹೆಚ್ಚಿನ ಮನೆಗಳವರು ಇನ್ನೊಂದು ಕೀಲಿಕೈಯನ್ನು ಯಾರ ಬಳಿಯೂ ಇಟ್ಟಿರಲಿಲ್ಲ. ಅಧಿಕಾರಿಗಳು ಆ ಪ್ರಶ್ನೆಯನ್ನೇ ಕಿತ್ತುಹಾಕಿ, ತಮ್ಮ ಊರಿಗೆ ತಾವೇ ಒಳ್ಳೆಯ ಅಂಕ ಕೊಟ್ಟುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಅದೇ ವರ್ಷ ಮೇಡಂ ಇದ್ದ ಹಳೆಯ ಬಿಲ್ಡಿಂಗೂ ಮಾರಾಟವಾಗಿ ಬಾಡಿಗೆ ಏರಿತು. ಎದುರುಮನೆಯ ಗುಜರಾತಿ ಆಂಟಿ ಮೇಡಂ ಮನೆಯ ಕೀಲಿಕೈಯನ್ನು ಹಿಂದಿರುಗಿಸಿ ಪೆನ್ಸಿಲ್ವೇನಿಯಾಕ್ಕೆ ಹೊರಟುಹೋದರು. ನನಗೆ ಕೊಡಿ ಮೇಡಂ ಎಂದೆ. “ಡ್ರೈವ್ ಮಾಡ್ಕೊಂಡು ಬರೋರು ನೆರೆಯವ್ರಲ್ಲ. ಲೆಕ್ಕಕ್ಕ ಹಿಡಿಯಂಗಿಲ್ಲ” ಎಂದುಬಿಟ್ಟರು. ತಮ್ಮ ಅಳತೆಗೆ ತಾವೇ ಮೋಸ ಮಾಡಬಾರದಂತೆ. ಎಂಥ ಹಟ! ಹೊಸದಾಗಿ ಬಂದವರ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದರು. ಯಾರೂ ತೆಗೆಯಲಿಲ್ಲ.

ಫೆಬ್ರವರಿಯ ಒಂದು ಸೋಮವಾರ ಅವರು ಕ್ಲಾಸಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ನಾನು ಅವರ ಮನೆಗೆ ಓಡಿದೆ. ಪೊಲೀಸರು ಬಂದು ಬಾಗಿಲು ಒಡೆದರು. ಸ್ಟ್ರೋಕ್ ಆಗಿತ್ತು. ಪಕ್ಕದ ಮನೆಗೂ ಅವರ ಮನೆಗೂ ನಡುವಿನ ಗೋಡೆಯ ಬುಡದಲ್ಲಿ ಬಿದ್ದಿದ್ದರು. ಜೀವ ಹೋಗಿತ್ತು. ಬಲಗೈಯ ಆ ಗೆಣ್ಣು ಸುಲಿದಿತ್ತು, ಗೋಡೆಯಲ್ಲಿ ರಕ್ತದ ಕಲೆ ಇತ್ತು.

ಪಕ್ಕದ ಮನೆಯ ಹುಡುಗಿ ಹೊರಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಶನಿವಾರ ಇಡೀ ಹಗಲು ಬಡಿತ ಕೇಳಿಸಿತ್ತಂತೆ. ಆಚೆ ಕಟ್ಟುತ್ತಿರುವ ಟವರಿನ ಕೆಲಸದ ಸದ್ದು ಎಂದುಕೊಂಡಳಂತೆ.

ಎಲ್ಲಿ ಸಣ್ಣ ಬಡಿತ ಕೇಳಿದರೂ ಈಗ ನಾನು ಎದ್ದು ಹೋಗಿ ನೋಡುತ್ತೇನೆ. ಬಹಳ ಸಲ ಅದು ಕೆಲಸದ ಸದ್ದೇ ಆಗಿರುತ್ತದೆ.